ಬ್ರೇಕಿಗೆ ಅಭಿಷೇಕ

ಬ್ರೇಕ್ ಪೆಡಲಿಗೆ ನೀವು ಯಾವತ್ತಾದರೂ ಕೈಮುಗಿದಿದ್ದೀರಾ? ನಾನು ಮುಗಿದಿದ್ದೇನೆ. ಹೋದ ಶುಕ್ರವಾರ, ಅರಕಲಗೂಡು ರಸ್ತೆಯ ಇಳಿಜಾರಿನಲ್ಲಿ.

ಹೊಳೆನರಸೀಪುರದ ನಮ್ಮ ಭಾವ ಹೈಸ್ಕೂಲು ಮೇಷ್ಟ್ರು. ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡಿದ್ದಾರೆ. ಅದರಲ್ಲಿ ಅವರು, ಅಕ್ಕ, ಅವರ ತಾಯಿ ಪುಟ್ಟಮ್ಮನವರು ಮತ್ತು ನಾನು ಕೊಣನೂರಿಗೆ ಹೊರಟಿದ್ದೆವು. ಪುಟ್ಟಮ್ಮನವರ ಮೊಮ್ಮಗಳ ನಿಶ್ಚಿತಾರ್ಥ. ಹತ್ತೂವರೆಗೆ ರಾಹುಕಾಲ. ಅಜ್ಜಿ ಬಾರದೆ ತಾಂಬೂಲ ಬದಲಾಯಿಸುವಂತಿಲ್ಲ.

ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತು.

"ರೀ, ಎಮ್ಮೆ!" ಅಂದಳು ಅಕ್ಕ.

"ಕಾಣ್ತದೆ ಕಣೇ! ಬ್ರೇಕು ಕೆಳಗೋಗ್ತಿಲ್ಲ!"

ಪೆಡಲು ಕಲ್ಲಾಗಿತ್ತು. ಭಾವ ಎರಡೂ ಕಾಲು ಕೊಟ್ಟು ಎದ್ದು ನಿಂತಂತೆ ತುಳಿದ ಮೇಲೆ ಕಾರು ನಿಂತಿತು. ಎಮ್ಮೆ ನಮ್ಮನ್ನೊಮ್ಮೆ ನೋಡಿ ಹೋಯಿತು. (ಈ ಇಳಿಜಾರು ನಾನು ಹೇಳಿದಾಗಲೆಲ್ಲ ಕಡಿದಾಗುತ್ತಿದೆ. ಮೊನ್ನೆ ಗೆಳೆಯರಿಗೆ ಹೇಳುವಾಗ ಅದರ ಬುಡದಲ್ಲಿ ಒಂದು ಕೆರೆಯೂ ಬಂದುಬಿಟ್ಟಿತು. ಕೆರೆ ಇರಲಿಲ್ಲ. ಎಮ್ಮೆ ಮಾತ್ರ ಖಾತರಿ.)

ಕೆಳಗೆ ಹೋದ ಪೆಡಲು ಮೇಲೆ ಬರಲಿಲ್ಲ. ಚಕ್ರ ಹಿಡಿದುಕೊಂಡಿತು. ಕೊಣನೂರು ದೂರ, ರಾಹುಕಾಲ ಹತ್ತಿರ.

ಭಾವ ಮೊದಲು ಕಾಲಡಿಯ ಮ್ಯಾಟ್ ಸಿಕ್ಕಿಕೊಂಡಿದೆಯೇ ನೋಡಿದರು. ಇಲ್ಲ. ಪೆಡಲನ್ನು ಕೈಯಲ್ಲಿ ಎಳೆದರು. ಕಿರುಗುಟ್ಟುತ್ತ ಒಲ್ಲದ ಮನಸ್ಸಿನಿಂದ ಎದ್ದಿತು. ಹಾಗಾದರೆ ತೊಂದರೆ ಅದರ ಕೀಲಿನಲ್ಲೇ; ಈ ಹಳೇ ಕಾರಿನಲ್ಲಿ ಅದಿರುವುದು ನೆಲದ ತಗಡಿನ ಅಡಿಗೆ. ಜರಿ ಪಂಚೆ ಎತ್ತಿಕಟ್ಟಿ ಕಾರಿನ ಅಡಿಗೆ ನುಸುಳಿದರು. ಹೊರಬಂದಾಗ ಹಣೆಯ ತುಂಬ ಕುಂಕುಮ!

"ಇದೇನವ್ವ, ಕೀಲಿನ ತುಂಬ ಕೆಂಪು ಪಾಯಸ?"

"ಆಯ್ಧಪೂಜೆ ದಿನ ಅಭಿಸೇಕ ಮಾಡಿದ್ನಲ್ಲ ಕಣ್ಲಾ," ಅಂದರು ಪುಟ್ಟಮ್ಮನವರು. "ವರ್ಸೆಲ್ಲ ಅದುನ್ನ ತುಳೀತೀಯ. ತಪ್ಪಾಯ್ತು ಅಂತ ಕೇಳ್ಕಬ್ಯಾಡ್ವಾ? ಸ್ಟೇರಿಂಗ್ಗೆ ಬರೀ ಊವ ಮಡುಗ್ದೆ. ಅದುನ್ನ ಕೈಯಾಗೆ ತಾನೆ ಮುಟ್ಟೋದು?"

ತರ್ಕದಲ್ಲಿ ಲೋಪವೆಲ್ಲಿದೆ, ಹೇಳಿ? ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಆದರೆ ಕಾಯಿನೀರು, ಬೆಲ್ಲ, ಕುಂಕುಮ ಎಲ್ಲ ಪೆಡಲಿನ ಸಂದಿಯಿಂದ ಇಳಿದು, ಕೀಲಿನಲ್ಲಿ ಅಂಟಾಗಿ ಕೂತು, ಅದಕ್ಕೆ ತುಕ್ಕು ಹಿಡಿಸಿತ್ತು.

"ಒಂದು ತೊಟ್ಟು ಎಣ್ಣೆ ಇದ್ದಿದ್ರೆ..." ಅಂದರು ಭಾವ.

ಪುಟ್ಟಮ್ಮನವರು ಚೀಲದಿಂದ ಸೀಸೆ ತೆಗೆದರು. "ತಗಾ, ಅರಳೆಣ್ಣೆ. ದಿನಾ ಮಂಡಿಗೆ ತಿಕ್ಕದಿದ್ರೆ ನಂಗೆ ಏಳಾಕೇ ಆಗಕಿಲ್ಲ."

"ಅಲ್ಲ ಕಣವ್ವ, ನಿನ್ ಮಂಡಿಗೆ ಎಣ್ಣೆ, ಅದರ ಮಂಡಿಗೆ ಬೆಲ್ಲದ್ ನೀರಾ?"

"ಅದುಕ್ಕೂ ಮಂಡಿ ಐತೆ ಅಂತ ನೀ ಯಾವಾಗ್ಲಾ ಯೋಳಿದ್ದೆ?"

ಭಾವ ಕೀಲು ಒರೆಸಿದರು, ಎಣ್ಣೆ ಬಿಟ್ಟರು, ಪೆಡಲನ್ನು ಹತ್ತಾರು ಸಲ ಒತ್ತಿ ಬಿಟ್ಟರು. ಸಡಿಲವಾಯಿತು. ಆಗಲೇ ನಾನು ಕೈಮುಗಿದದ್ದು. ನಿಧಾನವಾಗಿ ಹೋಗಿ, ರಾಹುಕಾಲಕ್ಕೆ ಮುಂಚೆಯೇ ಅಜ್ಜಿಯನ್ನು ಕೊಣನೂರಿನಲ್ಲಿ ಇಳಿಸಿದೆವು. ಕೀಲನ್ನು ಬಿಚ್ಚಿಸಿ ಗ್ರೀಸ್ ಹಾಕಿಸಿದ್ದು ಮರುದಿನ. ಮುಂದಿನ ಪೂಜೆಗೆ ಪೆಡಲಿಗೂ ಬರೀ ಹೂವು ಎಂದು ಒಪ್ಪಂದವಾಗಿದೆ.

ವಾಪಸು ಬರುವಾಗ ಅಕ್ಕ ಕಿಟಕಿಯ ಕಡೆ ತಿರುಗಿ, "ಪೆಡಲಿನ ಹಾಗೇ ನಂಗೂ ವರ್ಷಕ್ಕೊಂದ್ಸಲ ಪೂಜೆ. ಗೌರಿ ಹಬ್ಬಕ್ಕೊಂದು ಸೀರೆ ಬರ್ತದೆ," ಅಂದಳು.

ತುಳಿದದ್ದಕ್ಕೆ ವರ್ಷಕ್ಕೊಮ್ಮೆ ಕೈಮುಗಿಯುವ ನಾವು, ಅದರ ಕೀಲು ಹೇಗಿದೆಯೆಂದು ಯಾವತ್ತಾದರೂ ಬಗ್ಗಿ ನೋಡಿದ್ದೇವೆಯೇ?