ವಾಸನೆ ಬಿಟ್ಟುಹೋದ ವರ್ಷ

ನ್ಯೂಜರ್ಸಿಯಲ್ಲಿ, ಕ್ರ್ಯಾನ್‌ಬರಿಯ ಗೋದಾಮುಗಳ ಸಾಲಿನ ಹಿಂದೆ, ಟರ್ನ್‌ಪೈಕ್ ಹೆದ್ದಾರಿಯ ಸದ್ದು ಸದಾ ಕೇಳುವಷ್ಟು ಹತ್ತಿರದಲ್ಲಿ ಒಂದು ಕಟ್ಟಡವಿದೆ. ಹೊರಗಿನಿಂದ ನೋಡಿದರೆ ಅದೂ ಇನ್ನೊಂದು ಗೋದಾಮೇ ಅನ್ನಬೇಕು. ನಂದಾ ಅಲ್ಲಿ ಇಪ್ಪತ್ತೊಂದು ವರ್ಷ ವಾಸನೆ ನೋಡುವ ಕೆಲಸ ಮಾಡಿದಳು.

ಚಿಪ್ಸಿಗೆ, ಬಿಸ್ಕತ್ತಿಗೆ, ಕೆಮ್ಮಿನ ಔಷಧಿಗೆ ಬೆರೆಸುವ ಪರಿಮಳಗಳು ಅಲ್ಲಿ ತಯಾರಾಗುತ್ತಿದ್ದವು. ತಯಾರಾದದ್ದನ್ನು ಸಣ್ಣ ಕಾಗದದ ಪಟ್ಟಿಗೆ ಅದ್ದಿ ನಂದಾಳ ಮುಂದೆ ತಂದಿಡುತ್ತಿದ್ದರು. ಮೂರು ಪಟ್ಟಿ, ಎರಡು ಒಂದೇ, ಮೂರನೆಯದು ಬೇರೆ. ಬೇರೆ ಯಾವುದು, ಹೇಗೆ ಬೇರೆ ಎಂದು ಬರೆಯಬೇಕು. ಅವಳು ತಪ್ಪುತ್ತಿರಲಿಲ್ಲ. ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡುವಾಗಲೇ ಅವಳು ಬಾಟಲಿಯ ಚೀಟಿ ಓದುವ ಮೊದಲು ಒಳಗಿನದನ್ನು ಹೇಳುತ್ತಿದ್ದಳಂತೆ. ಸಮರ್‌ಸೆಟ್ಟಿನ ಮನೆಯಲ್ಲಿ ಹಾಲು ನಾಳೆ ಕೆಡುತ್ತದೆ ಎಂದು ಇವತ್ತೇ ಹೇಳುತ್ತಿದ್ದಳು. ಗಂಡ ಬಸವಪ್ರಸಾದ್ ಕಾರಿನಲ್ಲಿ ಕದ್ದು ತಿಂದ ಸಮೋಸಾ ಅವಳಿಗೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು.

ಅವಳು ಕೈಹಾಕಿದ್ದರಲ್ಲೆಲ್ಲ ಹೆಚ್ಚು ಹೆಸರು ಮಾಡಿದ್ದು ಟ್ರಫಲ್‌ನ ಪರಿಮಳ. ಓಕ್ ಮರದ ಬೇರಿಗೆ ಅಂಟಿಕೊಂಡು ಮಣ್ಣೊಳಗೇ ಬೆಳೆಯುವ ಒಂದು ಬಗೆಯ ಅಣಬೆ ಅದು. ಇಟಲಿಯಲ್ಲಿ ನಾಯಿಗಳನ್ನು ಬಿಟ್ಟು ಹುಡುಕಿಸುತ್ತಾರೆ. ನಂದಾ ಅದನ್ನು ಕಣ್ಣಿನಿಂದ ನೋಡಿರಲಿಲ್ಲ. ಆದರೂ ಅದರ ವಾಸನೆಗೆ ಕಂಪನಿಯವರು ಇಟ್ಟುಕೊಂಡ ವಿವರಣೆ ಅವಳದೇ ಬರವಣಿಗೆ: ಮೊದಲು ಬೆಳ್ಳುಳ್ಳಿ, ಆಮೇಲೆ ಒದ್ದೆ ಮಣ್ಣು, ಸ್ವಲ್ಪ ಜೇನು, ಎಲ್ಲದರ ಹಿಂದೆ ಎಳೆಯಷ್ಟು ಸೀಮೆಎಣ್ಣೆ.

ಆ ಬೇಸಿಗೆಯಲ್ಲಿ ಒಂದು ದಿನ ಅವಳು ಒಲೆಯ ಮುಂದೆ ನಿಂತೇ ಇದ್ದಾಗ ಬೇಳೆ ತಳ ಹಿಡಿಯಿತು.

"ನಂದಾ, ಬ್ಯಾಳಿ ಸೀದದ ಏನ?" ಎನ್ನುತ್ತ ಬಸವಪ್ರಸಾದ್ ಮಹಡಿಯಿಂದ ಇಳಿದು ಬಂದ.

"ಫೋನ್‌ನಾಗ ಇದ್ದೆರಿ, ಲಕ್ಷ್ಯ ಇರಲಿಲ್ಲ," ಎಂದಳು. ಫೋನು ಹಾಲ್‌ನಲ್ಲಿ ಚಾರ್ಜ್‌ಗೆ ಇತ್ತು. ಬಸವಪ್ರಸಾದ್ ಅದನ್ನು ನೋಡಿದ, ಒಲೆ ಆರಿಸಿದ.

ಆಗಸ್ಟಿನಲ್ಲಿ ಲ್ಯಾಬಿನಲ್ಲಿ ಒಂದು ಉತ್ತರ ತಪ್ಪಿತು. ಸೆಪ್ಟೆಂಬರಿನಲ್ಲಿ ಮೂರು. ಅವಳು ಎರಡು ಸಲ ಕೋವಿಡ್ ಟೆಸ್ಟ್ ಮಾಡಿಕೊಂಡಳು. ಎರಡು ಸಲವೂ ಏನಿಲ್ಲ ಎಂದು ಬಂತು. ಜರ್ಸಿಯಲ್ಲಿ ಅದು ರ‍್ಯಾಗ್‌ವೀಡ್ ಕಳೆಯ ಪರಾಗ ಹಾರುವ ಸೀಸನ್, ಅರ್ಧ ಊರೇ ಸೀನುತ್ತಿತ್ತು, ಅಲರ್ಜಿ ಎಂದುಕೊಂಡಳು. ಆಮೇಲಾಮೇಲೆ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು, ಎದುರು ಕೂತು ಅದೇ ಪಟ್ಟಿಗಳನ್ನು ಮೂಸುವವರ ಹುಬ್ಬು ಯಾವುದಕ್ಕೆ ಗಂಟಿಕ್ಕುತ್ತದೆ ಎಂದು ನೋಡಿ ಬರೆಯತೊಡಗಿದಳು. ಹಾಗೆ ಬರೆದ ಮೊದಲ ಉತ್ತರಗಳು ಸರಿಯಾಗಿಯೇ ಇದ್ದವು. ಅವಳಿಗೆ ಹೆಚ್ಚು ಭಯವಾದದ್ದು ಅದಕ್ಕೇ.

ಅಕ್ಟೋಬರಿಗೆ ಮದುವೆಯಾಗಿ ಮೂವತ್ತು ವರ್ಷ. ಜರ್ಸಿ ಸಿಟಿಯಲ್ಲಿ ಕೆಲಸಕ್ಕಿದ್ದ ಮಗಳು ಕೀರ್ತಿ ತಾನೇ ಎಲ್ಲ ಬುಕ್ ಮಾಡಿ ತಂದಳು. ಇಟಲಿಯ ಉಂಬ್ರಿಯಾದಲ್ಲಿ ಒಂದು ತೋಟದ ಮನೆ. ಬೆಳಿಗ್ಗೆ ನಾಯಿಯ ಜೊತೆ ಕಾಡಿಗೆ ಹೋಗಿ ಟ್ರಫಲ್ ಹುಡುಕುವುದು, ಮಧ್ಯಾಹ್ನ ಅದೇ ಟ್ರಫಲ್ ಹಾಕಿ ಅಡುಗೆ ಕಲಿಯುವುದು.

"ಯು ಮೇಡ್ ದಿ ಸ್ಮೆಲ್, ಮಾಮ್," ಎಂದಳು ಕೀರ್ತಿ. "ನೌ ಗೋ ಮೀಟ್ ಇಟ್."

ನಂದಾ ನಕ್ಕಳು. ಬೇಡವೆನ್ನಲು ಕಾರಣ ಹುಡುಕಿದಳು, ಸಿಗಲಿಲ್ಲ. ಮೂವರೂ ಹೊರಟರು.

ತೋಟದ ಯಜಮಾನ ಎತ್ತೋರೆ ಎಂಬ ಎಪ್ಪತ್ತು ದಾಟಿದ ಮುದುಕ. ಅವನಿಗೆ ಇಂಗ್ಲಿಷ್ ಬಾರದು. ಅವನ ಮಗಳು ಕ್ಯಾರ್ಲಾ ಎಲ್ಲವನ್ನೂ ಇಂಗ್ಲಿಷಿನಲ್ಲಿ ತಿಳಿಸಿ ಹೇಳುತ್ತಿದ್ದಳು. ಮುದುಕ ಬಲಗೈಯನ್ನು ಕೋಟಿನ ಜೇಬಿನಿಂದ ತೆಗೆಯದೆ, ಎಡಗೈಯಲ್ಲೇ ಸಣ್ಣ ಗುದ್ದಲಿ ಹಿಡಿದು ಮುಂದೆ ನಡೆದ. ಅವನ ಮುಂದೆ ಗುಂಗುರು ಕೂದಲಿನ ಕಂದು ನಾಯಿ ನೆಲಕ್ಕೆ ಮೂಗು ಹಚ್ಚಿ ಓಡುತ್ತಿತ್ತು. ಮಂಜು ಇನ್ನೂ ಕರಗಿರಲಿಲ್ಲ. ಕಾಡಿನೊಳಗೆ ಹಕ್ಕಿಯ ಸದ್ದೂ ಇರಲಿಲ್ಲ. ಕೊಳೆತ ಎಲೆಗಳ ಮೇಲೆ ಐದು ಜನರ ಹೆಜ್ಜೆ ಮಾತ್ರ. ಇಂಥ ನೆಲಕ್ಕೆ ಒಂದು ವಾಸನೆ ಇರಲೇಬೇಕೆಂದು ನಂದಾಗೆ ಗೊತ್ತಿತ್ತು. ಅವಳು ಆಳವಾಗಿ ಉಸಿರೆಳೆದಳು. ಗಾಳಿ ತಣ್ಣಗಿತ್ತು, ಅಷ್ಟೆ.

ನಾಯಿ ಒಂದು ಬೇರಿನ ಪಕ್ಕ ಮಣ್ಣು ಕೆದರತೊಡಗಿತು. ಎತ್ತೋರೆ ಮೊಣಕಾಲೂರಿ, ಅದನ್ನು ಪಕ್ಕಕ್ಕೆ ಸರಿಸಿ, ಒಂದು ಉಂಡೆ ಎತ್ತಿದ. ನೋಡದೆಯೇ ಹತ್ತಿರ ನಿಂತಿದ್ದ ನಂದಾಳ ಅಂಗೈಗೆ ಹಾಕಿದ. ಕೀರ್ತಿ ಫೋನು ಹಿಡಿದು ವೀಡಿಯೊ ಶುರುಮಾಡಿದಳು.

"ಹೇಳು ಮತ್ತ, ಎಕ್ಸ್‌ಪರ್ಟು," ಎಂದ ಬಸವಪ್ರಸಾದ್.

ನಂದಾ ಉಂಡೆಯನ್ನು ಮೂಗಿಗೆ ಹಿಡಿದಳು. ಎಲ್ಲರೂ ಕಾಯುತ್ತಿದ್ದರು. ಅವಳು ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ, ಲ್ಯಾಬಿನಲ್ಲಿ ಹೇಳುವ ಧ್ವನಿಯಲ್ಲೇ ಹೇಳಿದಳು. ಮೊದಲು ಬೆಳ್ಳುಳ್ಳಿ, ಆಮೇಲೆ ಒದ್ದೆ ಮಣ್ಣು, ಸ್ವಲ್ಪ ಜೇನು. ನಾವು ಮಾಡಿದ್ದಕ್ಕಿಂತ ತುಂಬಾ ಮೃದು.

ಎತ್ತೋರೆ ಅವಳ ಕೈಯಿಂದ ಉಂಡೆಯನ್ನು ತೆಗೆದುಕೊಂಡು ಹಿಸುಕಿದ. ಅದು ಪುಡಿಯಾಗಿ ಉದುರಿತು. ಬರೀ ಮಣ್ಣು. ನಾಯಿ ತೋಡಿದ್ದು ಇಲಿಯ ಬಿಲ.

ಕೀರ್ತಿ ನಕ್ಕುನಕ್ಕು ಬಾಗಿದಳು. ಬಸವಪ್ರಸಾದನೂ ನಕ್ಕ, ಕ್ಯಾರ್ಲಾಳೂ ನಕ್ಕಳು. ನಂದಾ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗದೇ ಇದ್ದವನು ಎತ್ತೋರೆ ಒಬ್ಬನೇ. ಅವನು ಮೊಣಕಾಲ ಮೇಲೆಯೇ ಕೂತು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನಾಯಿಗೆ ಸಿಳ್ಳೆ ಹಾಕಿ ಎದ್ದ. ಆಮೇಲೆ ಎರಡು ಟ್ರಫಲ್ ಸಿಕ್ಕವು, ನಿಜವಾದವು. ಅವನು ಅವನ್ನು ಕೀರ್ತಿಯ ಕೈಗೆ ಕೊಟ್ಟ. ಅವಳು ಮೂಸಿ "ಓ" ಎಂದಳು. ಆಮೇಲೆ ಅಪ್ಪನ ಕಡೆ ಚಾಚಿದಳು. ನಂದಾ ಸರದಿ ಬರುವ ಮೊದಲೇ ಶೂ ಲೇಸ್ ಕಟ್ಟಲು ಬಗ್ಗಿದಳು.

ಮಧ್ಯಾಹ್ನ ದೊಡ್ಡ ಅಡುಗೆಮನೆಯಲ್ಲಿ ಕ್ಯಾರ್ಲಾ ಮೊಟ್ಟೆ ಹಾಕಿ ಹಿಟ್ಟು ಕಲಸಿಸಿದಳು. ರೊಟ್ಟಿ ಬಡಿದು ಪಳಗಿದ ಕೈ ನಂದಾಳದು. ಹಿಟ್ಟಿನ ಮುಂದೆ ನಿಂತಾಗ ಅವಳಿಗೆ ಧೈರ್ಯ ಬಂತು.

"ಎರಡೂ ಕೈ, ನಂದಾ, ಎರಡೂ ಕೈ," ಎಂದಳು ಕ್ಯಾರ್ಲಾ.

ಎರಡೂ ಕೈ ಹಚ್ಚಿಯೇ ನಾದುತ್ತಿದ್ದೇನೆ ಎಂದುಕೊಂಡಿದ್ದಳು. ನೋಡಿದರೆ ಎಡಗೈ ಹಲಗೆಯ ಅಂಚಿನಲ್ಲಿ ಸುಮ್ಮನೆ ಕೂತಿತ್ತು. ಅದನ್ನು ಎತ್ತಿ ಹಿಟ್ಟಿನ ಮೇಲಿಟ್ಟಳು. ಅದು ಬಲಗೈಗಿಂತ ಒಂದು ತಾಳ ಹಿಂದೆ ಬಂತು.

ಊಟ ಮುಗಿಯಿತು. ತೆಳ್ಳಗೆ ಹೆರೆದ ಟ್ರಫಲ್ ಬೆಣ್ಣೆಯಲ್ಲಿ ಹೊರಳಿದ ಪಾಸ್ತಾದ ಮೇಲೆ ರಾಶಿ ಬಿದ್ದಿತ್ತು. ನಂದಾಗೆ ಉಪ್ಪು ಮತ್ತು ಜಿಡ್ಡು ಮಾತ್ರ ಹತ್ತಿತ್ತು. ಗಂಡ, ಮಗಳು ನಾಯಿಯ ಜೊತೆ ಫೋಟೋ ತೆಗೆಯಲು ಅಂಗಳಕ್ಕೆ ಹೋದರು. ಮೇಜಿನ ಬಳಿ ಎತ್ತೋರೆ, ಕ್ಯಾರ್ಲಾ, ನಂದಾ ಮೂವರೇ ಉಳಿದರು. ಮುದುಕ ಮೆಲ್ಲಗೆ ಏನೋ ಹೇಳಿದ. ಕ್ಯಾರ್ಲಾ ತಡೆದಳು. ಅವನು ಮತ್ತೆ ಹೇಳಿದ.

"ಅಪ್ಪ ಕೇಳ್ತಿದಾರೆ, ಎಷ್ಟು ದಿನ ಆಯ್ತು ಅಂತ," ಎಂದಳು ಕ್ಯಾರ್ಲಾ ಇಂಗ್ಲಿಷಿನಲ್ಲಿ.

"ಏನು ಎಷ್ಟು ದಿನ?"

"ವಾಸನೆ ಹೋಗಿ."

ನಂದಾ ನೀರಿನ ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ.

"ಅಪ್ಪನಿಗೂ ಹೋಗಿತ್ತು. ಎರಡು ವರ್ಷ ನಮಗೆ ಹೇಳಲಿಲ್ಲ. ಮೂಸೋದು ನಾಯಿ ತಾನೇ, ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಇದು ಬಂತು."

ಎತ್ತೋರೆ ಜೇಬಿನಿಂದ ಬಲಗೈ ತೆಗೆದು ಮೇಜಿನ ಮೇಲೆ ಇಟ್ಟ. ಅದು ತನ್ನ ಪಾಡಿಗೆ ನಡುಗುತ್ತಿತ್ತು. ಮೇಜುಬಟ್ಟೆಯ ಮೇಲಿನ ಬ್ರೆಡ್ಡಿನ ಚೂರುಗಳು ಸಣ್ಣಗೆ ಕುಣಿದವು.

"ನೀವು ಹಿಟ್ಟು ನಾದೋವಾಗ ಅಪ್ಪ ನಿಮ್ಮ ಎಡಗೈ ನೋಡಿದರಂತೆ," ಎಂದು ಕ್ಯಾರ್ಲಾ ಸೇರಿಸಿ, ಕ್ಷಮೆ ಕೇಳುವವಳಂತೆ ತಲೆ ತಗ್ಗಿಸಿದಳು.

"ನನಗೆ ಅಲರ್ಜಿ," ಎಂದಳು ನಂದಾ. "ಪ್ರತಿ ವರ್ಷ ಈ ಸೀಸನ್‌ನಲ್ಲಿ ಬರುತ್ತೆ."

ಎತ್ತೋರೆ ಹೌದೆಂಬಂತೆ ತಲೆಯಾಡಿಸಿದ. ಒಂದೇ ಒಂದು ಮಾತು ಹೇಳಿದ. ಕ್ಯಾರ್ಲಾ ಅದನ್ನು ತಿಳಿಸಿ ಹೇಳಲಿಲ್ಲ, ನಂದಾ ಕೇಳಲೂ ಇಲ್ಲ.

ಸಮರ್‌ಸೆಟ್ಟಿಗೆ ಮರಳಿದ ಮರುದಿನ, ಗಂಡ ಆಫೀಸಿಗೆ ಹೋದ ಮೇಲೆ, ನಂದಾ ಇಂಗಿನ ಡಬ್ಬಿ ತೆರೆದು ಮೂಗಿನ ಕೆಳಗೆ ಹಿಡಿದಳು. ಏನೂ ಇಲ್ಲ. ಮೆಂತ್ಯ, ಲವಂಗ, ಹೋದ ವರ್ಷ ಅಕ್ಕ ಕಳಿಸಿದ್ದ ಗುರೆಳ್ಳು ಪುಡಿ. ಏನೂ ಇಲ್ಲ. ಕೊನೆಗೆ ಕರ್ಪೂರ. ಮೂಗಿನೊಳಗೆ ತಂಪು ಏರಿತು, ಕರ್ಪೂರ ಬರಲಿಲ್ಲ. ಡಬ್ಬಿಗಳನ್ನು ಒಂದೊಂದಾಗಿ ಮುಚ್ಚಿ ಸ್ವಸ್ಥಾನದಲ್ಲಿಟ್ಟಳು. ಯಾರಿಗೂ ಹೇಳಬಾರದು ಎಂದು ಅವಳು ನಿಶ್ಚಯಿಸಿದ್ದೇನೂ ಅಲ್ಲ. ಹೇಳಿದರೆ ಅದು ನಿಜವಾಗುತ್ತದೆ ಎನ್ನಿಸಿತು, ಹಾಗಾಗಿ ದಿನ ತಳ್ಳಿದಳು.

ದೀಪಾವಳಿಯ ಶನಿವಾರ ಬೆಳಗಿನಿಂದ ಕರ್ಜಿಕಾಯಿ ಕರಿದಳು. ಮಧ್ಯಾಹ್ನ ಒಲೆ ಒರೆಸಿ, ಕಿಟಕಿ ಮುಚ್ಚಿ, ಸ್ನಾನಕ್ಕೆ ಹೋದಳು. ಬಸವಪ್ರಸಾದ್ ಕೀರ್ತಿಯನ್ನು ಕರೆತರಲು ನ್ಯೂ ಬ್ರನ್ಸ್‌ವಿಕ್ ಸ್ಟೇಷನ್‌ಗೆ ಹೋಗಿದ್ದ. ಒರೆಸುವಾಗ ಬಟ್ಟೆಗೆ ಸಿಕ್ಕಿ ಒಲೆಯ ಒಂದು ಗುಂಡಿ ಅರ್ಧ ತಿರುಗಿತ್ತು. ಉರಿ ಹತ್ತಿರಲಿಲ್ಲ, ಗ್ಯಾಸ್ ಬರುತ್ತಿತ್ತು.

ಒಂದು ಗಂಟೆಯಾದ ಮೇಲೆ ಅವಳು ಸೀರೆಯುಟ್ಟು ಬಂದು ದೇವರ ಮುಂದೆ ಬತ್ತಿ ಹೊಸೆದಳು. ತಲೆ ಸ್ವಲ್ಪ ಭಾರವಾಗಿತ್ತು. ಬೆಳಗಿನಿಂದ ಏನೂ ತಿಂದಿಲ್ಲವಲ್ಲ ಎಂದುಕೊಂಡಳು. ದೀಪಗಳಿಗೆ ಎಣ್ಣೆ ತುಂಬಿದಳು. ಡ್ರಾಯರ್‌ನಲ್ಲಿ ಹುಡುಕಿ ಲೈಟರ್ ತೆಗೆದಳು. ಅಷ್ಟರಲ್ಲಿ ಮುಂಬಾಗಿಲು ತೆರೆಯಿತು.

"ನಂದಾ." ಬಸವಪ್ರಸಾದನ ಧ್ವನಿ ಎಂದಿಗಿಂತ ಸಣ್ಣದಾಗಿತ್ತು. "ಕೈಯಾಗಿಂದು ಕೆಳಗ ಇಡು."

"ಯಾಕ್ರಿ?"

"ಇಡು ಅಂದೆ. ಇಟ್ಟು ಹೊರಗ ಬಾ. ಲೈಟ್ ಗೀಟ್ ಏನೂ ಮುಟ್ಟಬ್ಯಾಡ."

ಅವನ ಹಿಂದೆ ಕೀರ್ತಿ ತೋಳಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. "ಮಾಮ್," ಎಂದಳು, "ಯು ಕಾಂಟ್ ಸ್ಮೆಲ್ ದಟ್?"

ನಂದಾ ಲೈಟರನ್ನು ಎಣ್ಣೆಯ ಬಟ್ಟಲಿನ ಪಕ್ಕ ಇಟ್ಟಳು. ಬರಿಗಾಲಲ್ಲಿ ಹೊರಗೆ ಬಂದಳು.

ಅಗ್ನಿಶಾಮಕದವರು ಬಂದು ಕಿಟಕಿಗಳನ್ನೆಲ್ಲ ತೆರೆದರು. ಅವರಲ್ಲೊಬ್ಬ ಅಳತೆಯ ಯಂತ್ರ ನೋಡಿ, ಬಸವಪ್ರಸಾದನನ್ನು ಪಕ್ಕಕ್ಕೆ ಕರೆದು, ಲೈಟರ್ ಹತ್ತಿದ್ದರೆ ಮನೆ ಉಳಿಯುತ್ತಿರಲಿಲ್ಲ ಎಂದ. ಬಸವಪ್ರಸಾದ್ ನಂದಾಳ ಕಡೆ ನಡೆದು ಬಂದ. ನಂದಾ ಡ್ರೈವ್‌ವೇಯ ಅಂಚಿನಲ್ಲಿ, ರೇಷ್ಮೆ ಸೀರೆಯ ಮೇಲೆ ಮಗಳ ಜಾಕೆಟ್ ಹೊದ್ದು ಕೂತಿದ್ದಳು.

"ಯಾವಾಗಿಂದ?" ಎಂದು ಕೇಳಿದ, ಪಕ್ಕದಲ್ಲಿ ಕೂತು.

"ಬ್ಯಾಸಗಿಂದ ಇರಬೇಕ್ರಿ. ಇಟಲಿಗೆ ಹೋದಾಗಂತೂ ಏನೂ ಬರ್ತಿರಲಿಲ್ಲ."

ಕೀರ್ತಿಯ ಮುಖ ಬಿಳಿಚಿತು. ಆ ಮಣ್ಣುಂಡೆಯ ವೀಡಿಯೊವನ್ನು ಅವಳು ಎಲ್ಲ ಗೆಳೆಯರಿಗೂ ಕಳಿಸಿದ್ದಳು.

ನಂದಾ ಇಟಲಿಯ ಮುದುಕನಿಗೂ ಮೊದಲು ಹೀಗೇ ವಾಸನೆ ಹೋಗಿತ್ತೆಂಬುದನ್ನೂ ಹೇಳಿದಳು, ಎಡಗೈಯ ವಿಷಯವನ್ನೂ ಹೇಳಿದಳು. ಬಸವಪ್ರಸಾದ್ ಬೈಯಲಿಲ್ಲ. ಫೈರ್ ಟ್ರಕ್ಕಿನ ಕಡೆ ನೋಡುತ್ತ, "ನಾನೂ ಒಂದು ಹೇಳಿಲ್ಲ ನಿನಗ," ಎಂದ. "ಎರಡು ವರ್ಷಾತು, ನಿದ್ದ್ಯಾಗ ನೀ ಒದೀತಿ, ಚೀರ್ತಿ. ಯಾರೋ ಬೆನ್ನಟ್ಟಿದಂಗ. ಕನಸು ಅಂದುಕೊಂಡು ನಡುವ ದಿಂಬು ಇಟ್ಕೊಂಡು ಮಲಗ್ತಿದ್ದೆ."

ನ್ಯೂ ಬ್ರನ್ಸ್‌ವಿಕ್ಕಿನ ನರರೋಗದ ಡಾಕ್ಟರು ಈ ದಿಂಬಿನ ಮಾತನ್ನೇ ಎರಡು ಸಲ ಕೇಳಿ ಬರೆದುಕೊಂಡರು. ಆಮೇಲೆ ಒಂದು ಪುಸ್ತಕ ಕೊಟ್ಟರು. ಪುಟಪುಟದಲ್ಲೂ ಒಂದು ಕಂದು ಪಟ್ಟೆ. ಪೆನ್ಸಿಲಿನಿಂದ ಕೆರೆದು, ಮೂಸಿ, ನಾಲ್ಕರಲ್ಲಿ ಒಂದು ಉತ್ತರ ಗುರುತು ಹಾಕಬೇಕು. ಇಂಥ ಪಟ್ಟೆಯೊಳಗೆ ವಾಸನೆ ಹೇಗೆ ಕೂಡಿಸಿಡುತ್ತಾರೆ ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ನಲವತ್ತರಲ್ಲಿ ಹನ್ನೊಂದು ಸರಿ ಬಂದವು. ಸುಮ್ಮನೆ ಊಹಿಸಿ ಗುರುತು ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ ಎಂದು ಡಾಕ್ಟರು ಹೇಳಲಿಲ್ಲ. ನಂದಾ ತಾನೇ ಲೆಕ್ಕ ಹಾಕಿಕೊಂಡಳು.

ಕಾರಿಡಾರಿನಲ್ಲಿ ನಡೆಸಿದರು. ಎಡಗೈ ಬೀಸುತ್ತಿರಲಿಲ್ಲ. ಒಂದು ವಾಕ್ಯ ಬರೆಸಿದರು. ಸಾಲಿನ ಕೊನೆಗೆ ಹೋಗುತ್ತ ಅಕ್ಷರಗಳು ಇರುವೆಯಷ್ಟಾಗಿದ್ದವು.

"ಇವತ್ತು ಹೆಸರು ಹೇಳೋದಿಲ್ಲ," ಎಂದರು ಡಾಕ್ಟರು. "ಸ್ಕ್ಯಾನ್ ಆಗಲಿ."

ಜನವರಿಯಲ್ಲಿ ಸ್ಕ್ಯಾನ್ ಆಯಿತು. ಫೆಬ್ರುವರಿಯಲ್ಲಿ ಹೆಸರು ಹೇಳಿದರು, ಪಾರ್ಕಿನ್ಸನ್ಸ್ ಎಂದು. ವಾಸನೆ ಹೋದದ್ದು, ನಿದ್ದೆಯಲ್ಲಿ ಒದೆದದ್ದು, ಎಲ್ಲ ಅದರ ಮುನ್ಸೂಚನೆಯೇ ಎಂದರು. ನಿಧಾನದ ಕಾಯಿಲೆ, ಮಾತ್ರೆಗಳಿವೆ, ವ್ಯಾಯಾಮ ಬಿಡಬೇಡಿ ಎಂದರು. ವಾಸನೆ ಮರಳುತ್ತದೆಯೇ ಎಂದು ನಂದಾ ಕೇಳಿದಳು. ಅವರು ಅವಳ ಕಣ್ಣಲ್ಲಿ ಕಣ್ಣಿಟ್ಟು, ಇಲ್ಲ ಎಂದರು.

ಲ್ಯಾಬಿನಲ್ಲಿ ಅವಳೇ ಹೋಗಿ ಹೇಳಿದಳು. ಸೆಪ್ಟೆಂಬರಿನಿಂದ ಇತರರ ಮುಖ ನೋಡಿ ಬರೆದ ಉತ್ತರಗಳನ್ನೆಲ್ಲ ಮತ್ತೆ ಪರೀಕ್ಷಿಸಿ ಎಂದು ದಿನಾಂಕ ಸಮೇತ ಪಟ್ಟಿ ಮಾಡಿ ಕೊಟ್ಟಳು. ಅವಳ ಮೇಲಧಿಕಾರಿ ಆ ಕಾಗದವನ್ನು ಕೊನೆಯವರೆಗೆ ಓದಿ ಫೈಲಿಗೆ ಸೇರಿಸಿದರು. ಆಮೇಲೆ ಅವಳನ್ನು ಫೈಲುಗಳ ಕೆಲಸಕ್ಕೆ, ಬೇರೆ ಮಹಡಿಗೆ ಹಾಕಿದರು. ಎರಡು ಪರಿಮಳಗಳನ್ನು ಹಿಂದಕ್ಕೆ ತರಿಸಿಕೊಂಡರೆಂದು ಯಾರೋ ಹೇಳಿದರು. ಯಾವುವು ಎಂದು ಅವಳು ವಿಚಾರಿಸಲಿಲ್ಲ.

ಈಗ ಬುಧವಾರ ಸಂಜೆ ಅವಳು ಇದೇ ಕಾಯಿಲೆಯವರಿಗೆಂದು ಸಮರ್‌ಸೆಟ್ಟಿನ ಒಂದು ಹಾಲ್‌ನಲ್ಲಿ ನಡೆಸುವ ಬಾಕ್ಸಿಂಗ್ ತರಗತಿಗೆ ಹೋಗುತ್ತಾಳೆ. ಹನ್ನೊಂದು ಜನ. ಸಲ್ವಾರಿನ ಮೇಲೆ ಕೆಂಪು ಗ್ಲೌಸ್ ಹಾಕಿಕೊಂಡು ಅವಳು ತೂಗುಚೀಲಕ್ಕೆ ಗುದ್ದುತ್ತಾಳೆ, ಎಡಗೈಗೆ ಎರಡು, ಬಲಗೈಗೆ ಒಂದು. ಕಿಟಕಿಯ ಪಕ್ಕದ ಚೀಲ ಓಲ್ಡ್ ಬ್ರಿಡ್ಜ್ ಊರಿನ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್‌ನದು. ಅವನು ಗುದ್ದುತ್ತಲೇ ತಾನು ಅಂಚೆ ಹಂಚುತ್ತಿದ್ದ ಬೀದಿಗಳ ಹೆಸರನ್ನು ಸಾಲಾಗಿ ಹೇಳುತ್ತಿದ್ದ. ಕೇಳಿ ಕೇಳಿ ನಂದಾಗೂ ಅರ್ಧ ಬಾಯಿಪಾಠವಾಗಿತ್ತು.

ಜೂನಿನಲ್ಲಿ ಒಂದು ಬುಧವಾರ ಅವನು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಮೂರನೆಯ ವಾರ ಕಲಿಸುವವಳು ಪಟ್ಟಿ ನೋಡಿ, ಅವನ ಹೆಸರಿನ ಬಳಿ ತಡೆದು, ಮುಂದಕ್ಕೆ ಓದಿದಳು. "ನಂದಾ," ಎಂದಳು ಅವಳು, "ಕಿಟಕಿ ಪಕ್ಕಕ್ಕೆ ಬರ್ತೀರಾ? ಅಲ್ಲಿ ಗಾಳಿ ಚೆನ್ನಾಗಿದೆ."

ನಂದಾ ಗ್ಲೌಸಿನ ಪಟ್ಟಿಯನ್ನು ಹಲ್ಲಿನಿಂದ ಎಳೆದು ಬಿಗಿಮಾಡಿಕೊಂಡು ಕಿಟಕಿಯ ಬಳಿ, ಅವನ ಚೀಲದ ಮುಂದೆ ಹೋಗಿ ನಿಂತಳು.