ಇದರ ಹೆಸರು ಹೆಡ್ಡಾ, ಸ್ಪ್ರಿಂಕ್ಲರಾ?

ಬೋರ್ಡಿನ ಮೇಲೆ ‘ದಯವಿಟ್ಟು’ ಎಂದು ಬರೆದು ಮಾರ್ಕರ್ ಹಿಡಿದು ನಿಂತಿದ್ದೆ. ಮುಂದಿನ ಪದ ಯಾವುದೆಂದು ಆ ಕಲ್ಯಾಣ ಮಂಟಪದಲ್ಲಿದ್ದ ಯಾರಿಗೂ ಖಾತ್ರಿಯಿರಲಿಲ್ಲ.

(ಮಾರ್ಕರ್ ಹಿಡಿದಿದ್ದವಳು ನಾನು, ನೀನು ಕಾಫಿ ಕುಡಿಯುತ್ತಿದ್ದೆ ಎನ್ನುತ್ತಾಳೆ ನನ್ನ ತಂಗಿ. ಇರಬಹುದು. ನೆನಪು ಯಾವಾಗಲೂ ನನ್ನನ್ನು ಅನುಕೂಲವಾದ ಕಡೆಯೇ ನಿಲ್ಲಿಸುತ್ತದೆ. ಇಬ್ಬರನ್ನೂ ಅರ್ಧರ್ಧ ನಂಬಿ ಮುಂದೆ ಓದಿ.)

ಕಳೆದ ವಾರ ತಂಗಿಯ ಮಗಳ ರಿಸೆಪ್ಷನ್. ಪಾಂಡವಪುರದ ಹತ್ತಿರ, ಈಚೆಗಷ್ಟೇ ಹೊಸದಾಗಿಸಿದ ಚೌಟ್ರಿ. ಮೇಲೆ ಬಿಳಿ ಫಾಲ್ಸ್ ಸೀಲಿಂಗು. ಅದರಿಂದ ಸಾಲಾಗಿ ಇಣುಕುವ, ಬೆಂಕಿ ಆರಿಸುವ ಸ್ಪ್ರಿಂಕ್ಲರ್‌ಗಳು. ಒಂದೊಂದರಲ್ಲೂ ಕೆಂಪು ದ್ರವ ತುಂಬಿದ ಪುಟ್ಟ ಗಾಜಿನ ಕೊಳವೆ. ಬಿಸಿಯೇರಿದರೆ ಗಾಜು ಒಡೆಯುತ್ತದೆ, ಪೈಪಿನಲ್ಲಿ ಕಾದು ಕೂತ ನೀರು ಸುರಿಯುತ್ತದೆ. ಯಾರಾದರೂ ಎಳೆದಾಡಿ ಒಡೆದರೂ ಅಷ್ಟೇ. ಬೆಂಕಿ ಇದೆಯೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ.

ಸುರಿಯುವುದು ಪನ್ನೀರೂ ಅಲ್ಲ. ಕಬ್ಬಿಣದ ಪೈಪಿನಲ್ಲಿ ಕೊಳೆತ ಕಪ್ಪು ನೀರು. ಸಂಜೆ ಅದರಡಿ ನಿಲ್ಲಬೇಕಾದವಳು ಕೆನೆಬಣ್ಣದ ರೇಷ್ಮೆ ಸೀರೆಯ ನಮ್ಮ ಹುಡುಗಿ.

ಹಾಗಾಗಿ, ಹೂವಿನ ಅಲಂಕಾರದವರು ಕೆಲಸ ಶುರು ಮಾಡುವ ಮುನ್ನ ಒಂದು ಬೋರ್ಡು ಬೇಕಾಯಿತು. ಏನನ್ನೂ ಕಟ್ಟಬೇಡಿ, ಸರಿ. ಯಾವುದಕ್ಕೆ?

ಸ್ಪ್ರಿಂಕ್ಲರ್ ಕೂರಿಸಿದ ಫಿಟ್ಟರ್‌ಗಳಿಬ್ಬರು ಕೊನೆಯ ಸಲ ಎಲ್ಲ ನೋಡಿಹೋಗಲು ಬಂದಿದ್ದರು. ಕೆ.ಆರ್. ಪೇಟೆಯ ನಯಾಜ್, ದೇವಲಾಪುರದ ಸಿದ್ದರಾಜು. ಜೊತೆಯಲ್ಲೇ ಕೆಲಸ ಕಲಿತವರು, ಒಂದೇ ಬೈಕಿನಲ್ಲಿ ಓಡಾಡುವವರು. ನೀರು ಚಿಮ್ಮುವ ಆ ಮೂತಿಗೆ ‘ಹೆಡ್ಡು’ ಅಂತ ಬರೀರಿ ಎಂದ ಸಿದ್ದರಾಜು. ನಯಾಜ್‌ಗೆ ಮೈ ಉರಿಯಿತು.

“ಹೆಡ್ಡು ಅಂತ ರೂಲ್ಸ್ ಬುಕ್ಕಲ್ಲೇ ಇಲ್ಲ ಸಾ. ಬರೀ ಸ್ಪ್ರಿಂಕ್ಲರ್ ಅನ್ಬೇಕು. ಇವ್ನಿಗೆ ಯೋಳಿ ಯೋಳಿ ಸಾಕಾಗೋಯ್ತು.”

“ಲೇ ನಯಾಜ, ಸ್ಪ್ರಿಂಕ್ಲರ್ ಅಂದ್ರೆ ನಮ್ ಕಡೆ ಒಲಕ್ಕೆ ನೀರು ಆಯ್ಸೋದು ಕಣ್ಲಾ. ಮದ್ವೆಗೆ ಬಂದೋರು ಕೆಳಗೆ ರಾಗಿ ಉಡುಕ್ತಾರೆ,” ಎಂದ ಸಿದ್ದರಾಜು.

ಚೌಟ್ರಿಯ ಮಾಲೀಕರು ನಡುವೆ ಬಂದರು. ಬೋರ್ಡು ಅಂದಮೇಲೆ ಶುದ್ಧ ಕನ್ನಡದಲ್ಲಿರಬೇಕೆಂದು ಅವರ ಹಟ. ‘ಅಗ್ನಿಶಾಮಕ ಜಲಸಿಂಚಕ’ ಎಂದು ಬರೆಯಿರಿ ಎಂದರು. ಅದನ್ನು ಓದಿ ಮುಗಿಸುವಷ್ಟರಲ್ಲಿ ಹೂವಿನವರು ಊಟ ಮಾಡಿಕೊಂಡು ಮನೆಗೆ ಹೋಗಿರುತ್ತಾರೆ ಎಂದ ಸಿದ್ದರಾಜು. ನಾನಾದರೂ ಸುಮ್ಮನಿದ್ದೆನೇ? ‘ನಾಝಲ್’ ಅಂದರೆ ಹೇಗೆ ಎಂದೆ. ಅಲ್ಲಿಯವರೆಗೆ ಕಚ್ಚಾಡುತ್ತಿದ್ದ ಇಬ್ಬರೂ ಒಂದಾಗಿ ನನ್ನ ಮೇಲೆ ಬಿದ್ದರು. ನಾಝಲ್ ಇರುವುದು ಬೆಳೆಗೆ ಔಷಧಿ ಹೊಡೆಯುವ ಮಿಷಿನ್ನಿಗಂತೆ. ಒಂದು ತಪ್ಪು ಪದ ಎಷ್ಟು ಬೇಗ ಶಾಂತಿ ತರುತ್ತದೆ ನೋಡಿ!

ನಿಜ ಹೇಳಲೇ? ನನಗೆ ಮಜಾ ಬರುತ್ತಿತ್ತು. ತಾವು ಮಾಡುವ ಕೆಲಸದ ಒಂದು ಹೆಸರಿಗಾಗಿ ಇಷ್ಟು ಪ್ರೀತಿಯಿಂದ ಗುದ್ದಾಡುವವರು ಎಲ್ಲಿ ಸಿಗುತ್ತಾರೆ?

ಆಗ ತಂಗಿ, “ಅಣ್ಣ, ಹಿಂದೆ ತಿರುಗಿ ನೋಡು,” ಎಂದಳು.

ಶ್ರೀರಂಗಪಟ್ಟಣದಿಂದ ಬಂದಿದ್ದ ಹೂವಿನ ಮಾದೇವ ಏಣಿಯ ತುದಿಯಲ್ಲಿದ್ದ. ನಾವು ಯಾವುದಕ್ಕೆ ಹೆಸರಿಡುತ್ತಿದ್ದೆವೋ ಅದಕ್ಕೇ, ಸಾಲಾಗಿ, ಚೆಂಡುಹೂವಿನ ಮಾಲೆ ಕಟ್ಟುತ್ತಾ ಬಂದಿದ್ದ. ಕಟ್ಟಿದ್ದೇನೋ ಬಲು ಅಂದವಾಗಿತ್ತು. ಈಗ ಅವನ ಕೈಯಲ್ಲಿ ಕುಂಬಳಕಾಯಿ ಗಾತ್ರದ ಹೂವಿನ ಗುಂಡು.

ನಯಾಜ್ ಕೂಗಲಿಲ್ಲ. ಕೂಗಿದರೆ ಮಾದೇವ ಬೆಚ್ಚಿ ಎಳೆದಾನು. ಏಣಿ ಹಿಡಿದು, ಮಗುವಿಗೆ ಹೇಳುವ ಹಾಗೆ ಹೇಳಿದ.

“ಮಾದೇವಣ್ಣ, ಏನೂ ಎಳೀಬೇಡಿ. ಆರಾಮ್ ಸೇ. ಕೈಲಿರೋದ್ನ ಅಂಗೇ ಕೆಳಗೆ ಕೊಡಿ.”

ಗುಂಡು ಸಿದ್ದರಾಜುವಿನ ತೋಳಿಗೆ ಇಳಿಯಿತು. ಆಮೇಲೆ ಫಿಟ್ಟರ್‌ಗಳಲ್ಲಿ ಒಬ್ಬ ಮಾಲೆಯ ಭಾರ ಎತ್ತಿ ಹಿಡಿದ, ಇನ್ನೊಬ್ಬ ದಾರ ಕತ್ತರಿಸಿದ. ಅಷ್ಟು ಹೊತ್ತೂ ಹೆಡ್ಡೂ ಇಲ್ಲ, ಸ್ಪ್ರಿಂಕ್ಲರೂ ಇಲ್ಲ. ಬರೀ ‘ಅದು’, ‘ಇದು’, ‘ಆ ಕಡೇದು’. ಒಂದು ಹನಿಯೂ ಬೀಳಲಿಲ್ಲ.

ವಿಷಯ ತಿಳಿದು ಮಾದೇವ ಹೌಹಾರಿದ. ಕೊಕ್ಕೆ ಅಂದುಕೊಂಡೆ ಎಂದ. ಸಿಕ್ಕಿತಲ್ಲ ಪದ! ‘ದಯವಿಟ್ಟು ಗಮನಿಸಿ, ಇದು ಕೊಕ್ಕೆಯಲ್ಲ’ ಎಂದು ಬರೆದು, ಮೇಲಕ್ಕೊಂದು ಬಾಣದ ಗುರುತು ಹಾಕಿದೆವು. ಫಿಟ್ಟರ್‌ಗಳಿಬ್ಬರಲ್ಲಿ ಯಾರೂ ಸೋಲಲಿಲ್ಲ. ಎಲ್ಲರೂ ಬೀಗಿದೆವು.

ಮಾದೇವ ಬೋರ್ಡನ್ನು ನಿಧಾನವಾಗಿ ಓದಿದ.

“ಆಯ್ತು ಬುಡಿ, ಕೊಕ್ಕೆ ಅಲ್ಲ. ಕೊಕ್ಕೆ ಎಲ್ಲೈತೆ ತೋರ್ಸಿ, ಅಲ್ಲಿಗೇ ಕಟ್ತೀನಿ.”

ಎಲ್ಲರೂ ತಲೆ ಎತ್ತಿ ಹುಡುಕಿದೆವು. ಮೊದಲು ಚೌಟ್ರಿಯ ತುಂಬ ಕೊಕ್ಕೆಗಳಿದ್ದವಂತೆ. ಅಂದ ಕೆಡುತ್ತದೆಂದು ಮಾಲೀಕರು ಅಷ್ಟನ್ನೂ ಫಾಲ್ಸ್ ಸೀಲಿಂಗಿನ ಮರೆಗೆ ತಳ್ಳಿದ್ದರು.

ಮಧ್ಯಾಹ್ನವೆಲ್ಲ ನಯಾಜ್, ಸಿದ್ದರಾಜು ಕಂಬದಿಂದ ಕಂಬಕ್ಕೆ ತಂತಿ ಎಳೆದು ಕೊಟ್ಟರು. ಅದು ಅವರ ಕೆಲಸವೇ ಅಲ್ಲ. (ತಂತಿ ಬಿಗಿ ಮಾಡುವ ತಿರುಪಿನ ಹೆಸರಿನ ಬಗ್ಗೆಯೂ ಅವರಲ್ಲಿ ಒಮ್ಮತವಿರಲಿಲ್ಲ.) ಸಂಜೆ ಹೂವಿನಡಿ ನಮ್ಮ ಹುಡುಗಿ ನಗುತ್ತಾ ನಿಂತಳು. ಸೀರೆಗೆ ಬಿದ್ದದ್ದು ಅಕ್ಷತೆಯ ಅರಿಶಿನ ಮಾತ್ರ. ಫಿಟ್ಟರ್‌ಗಳನ್ನು ತಂಗಿ ಕೈಹಿಡಿದು ಮೊದಲ ಪಂಕ್ತಿಯಲ್ಲೇ ಕೂರಿಸಿದಳು.

ಹೆಡ್ಡೋ ಸ್ಪ್ರಿಂಕ್ಲರೋ ಅವರೇ ತೀರ್ಮಾನಿಸಿಕೊಳ್ಳಲಿ. ಹೂವು ಕಟ್ಟಲು ಒಂದು ಕೊಕ್ಕೆಯೂ ಇಲ್ಲದ ಕಟ್ಟಡಕ್ಕೆ ಕಲ್ಯಾಣ ಮಂಟಪ ಅನ್ನುವುದು ಸರಿಯಾದ ಪದವೇ?