ಇರುವೆಯ ಕಾರು, ಟೈರಣ್ಣನ ಕೈ

ಟೈರಣ್ಣನ ಅಂಗಡಿಗೆ ಯಾವ ಗಾಡಿ ಬಂದರೂ ಅವರ ಮಾತಿಗಿಂತ ಮುಂಚೆ ಕೈ ಹೋಗುತ್ತದೆ. ಗಿರಾಕಿ ಬಾಗಿಲು ತೆಗೆದು ಇಳಿಯುವಷ್ಟರಲ್ಲಿ ಅವರು ಕುಕ್ಕರಗಾಲಲ್ಲಿ ಕೂತು, ಮುಂದಿನ ಟೈರಿನ ಮೇಲೆ ಬೆರಳಾಡಿಸಿ, ಸಂದಿಯಲ್ಲಿ ಸಿಕ್ಕಿದ ಕಲ್ಲನ್ನು ಬೀಗದ ಕೈಯಿಂದ ಮೀಟಿ ಎಸೆದಾಗಿರುತ್ತದೆ. ನೆಂಟರ ಮನೆಗೆ ಹೋದರೂ ಹೊರಗೆ ನಿಂತ ಕಾರಿನ ಟೈರು ಸವರದೆ ಒಳಗೆ ಕಾಲಿಡುವವರಲ್ಲ. ‘ಭಾವ ಕ್ಷೇಮಸಮಾಚಾರ ಕೇಳೋದು ನಮ್ಮ ಗಾಡೀನ, ನಮ್ಮನ್ನಲ್ಲ’ ಎಂದು ಅವರ ನಾದಿನಿ ಛೇಡಿಸುವುದುಂಟು. ಅಂಗಡಿ ಇಟ್ಟ ಹೊಸದರಲ್ಲಿ ಶುರುವಾದ ಈ ಅಭ್ಯಾಸದಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆದದ್ದು ಒಮ್ಮೆ, ಅದೂ ಸ್ವಂತ ಮಗಳಿಗೆ.

ಮಗಳನ್ನು ರೇಸಿನ ಮಂದಿ ಇರುವೆ ಎಂದು ಕರೆಯುತ್ತಾರೆ. ಆ ಹೆಸರಿಟ್ಟವನು ಅಂಗಡಿಯ ಹಿಂದಿನ ಬಯಲಿನಲ್ಲಿ ಕಾರ್ಟ್‌ಗಳನ್ನು ಬಾಡಿಗೆಗೆ ಬಿಡುತ್ತಿದ್ದ ಒಬ್ಬ ಮುದುಕ. ಕಾರ್ಟ್ ಎಂದರೆ ಅಂಗೈಯಷ್ಟು ಎತ್ತರದಲ್ಲಿ ನೆಲ ಸವರಿಕೊಂಡು ಹೋಗುವ ಗಾಡಿ. ಕೊಳವೆ ಬಾಗಿಸಿ ಮಾಡಿದ ಚೌಕಟ್ಟು, ನಾಲ್ಕು ಪುಟ್ಟ ಚಕ್ರ, ಒಂದು ಸೀಟು, ಸೀಟಿನ ಪಕ್ಕದಲ್ಲೇ ಗುರ್ರೆನ್ನುವ ಎಂಜಿನ್. ಗೇರೂ ಇಲ್ಲ, ಬೆಲ್ಟೂ ಇಲ್ಲ. ಆ ಬಯಲಿನ ತಿರುವುಗಳಿಗೆಲ್ಲ ಟೈರಣ್ಣನ ಅಂಗಡಿಯ ಸವೆದ ಟೈರುಗಳನ್ನೇ ಗೋಡೆಯಂತೆ ಪೇರಿಸಿದ್ದರು. ಒಂದು ಸಲ ಟೈರು ಇಳಿಸಲು ಹೋದಾಗ ಜೊತೆಗೆ ಬಂದಿದ್ದ ಮಗಳನ್ನು ಮುದುಕ ಸೀಟಿನಲ್ಲಿ ಕೂರಿಸಿದ. ಬೆನ್ನಿಗೆ ದಿಂಬು ಕೊಟ್ಟರೂ ಕಾಲು ಎಟುಕಲಿಲ್ಲ. ಪೆಡಲುಗಳಿಗೆ ಮರದ ತುಂಡು ಕಟ್ಟಿದ.

‘ಎಡಗಾಲಿಗೆ ಬ್ರೇಕು, ಬಲಗಾಲಿಗೆ ಓಟ. ಎರಡೂ ಒಟ್ಟಿಗೆ ಒತ್ಬೇಡ.’

‘ಒತ್ತಿದ್ರೆ ಏನಾಗುತ್ತೆ ತಾತ?’

‘ಎಂಜಿನ್ ಆಫ್ ಆಗುತ್ತೆ. ಇಳಿದು ತಳ್ಕೊಂಡು ಬಾ.’

ಅವಳು ತಳ್ಳಿಕೊಂಡು ಬಂದದ್ದು ಒಂದೇ ಸಲ.

ಕಾರ್ಟ್ ರೇಸಿನಲ್ಲಿ ಗಾಡಿ ಮತ್ತು ಓಡಿಸುವವರ ತೂಕ ಸೇರಿ ಇಂತಿಷ್ಟಕ್ಕಿಂತ ಕಡಿಮೆ ಇರಕೂಡದು. ಈ ಹುಡುಗಿ ಕಡ್ಡಿಯಂತಿದ್ದಳು. ಕೊರತೆ ತುಂಬಲು ಸೀಟಿನ ಬೆನ್ನಿಗೆ ಸೀಸದ ಬಿಲ್ಲೆಗಳನ್ನು ಬೋಲ್ಟ್ ಹಾಕಿ ಬಿಗಿಯಬೇಕಾಯಿತು. ‘ತನಗಿಂತ ಭಾರ ಹೊರೋದು ಇರುವೆ ಅಲ್ವೇನಪ್ಪ?’ ಎಂದ ಮುದುಕ. ಹೆಸರು ಅಂಟಿಕೊಂಡಿತು.

ಮನೆಯಲ್ಲಿ ಇದನ್ನು ಒಪ್ಪದವರು ಅಮ್ಮ. ಅವರದು ಶಾಲೆಯ ಬಸ್ಸು ಓಡಿಸುವ ಕೆಲಸ. ಬಸ್ಸಿಗೆ ಇದುವರೆಗೆ ಒಂದು ಗೀರೂ ಬಿದ್ದಿಲ್ಲ. ಮೊದಲ ರೇಸು ನೋಡಿ ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ‘ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ, ಪಕ್ಕದವ್ರಿಗೆ ದಾರಿ ಬಿಡಲ್ಲ. ಇದನ್ನ ಓಡಿಸೋದು ಅಂತಾರಾ? ಈ ಮನೇಲಿ ಡ್ರೈವರ್ ಅಂದ್ರೆ ನಾನೊಬ್ಳೇ.’

ಇರುವೆ ಗೆಲ್ಲತೊಡಗಿದಳು. ಮೊದಮೊದಲ ಸುತ್ತುಗಳಲ್ಲಿ ಅವಳು ಎದ್ದು ಕಾಣುವುದೇ ಇಲ್ಲ, ನಾಲ್ಕನೆಯವಳೋ ಐದನೆಯವಳೋ ಆಗಿ ಸುಮ್ಮನೆ ಹಿಂಬಾಲಿಸುತ್ತಾಳೆ. ಉಳಿದವರ ಟೈರುಗಳು ಕಾದು, ಸವೆದು, ಹಿಡಿತ ತಪ್ಪುವ ಹೊತ್ತಿಗೆ ಅವಳದು ಇನ್ನೂ ಗಟ್ಟಿಯಾಗಿರುತ್ತದೆ. ಇದು ಅಂಗಡಿಯಲ್ಲಿ ಬಂದ ವಿದ್ಯೆ. ‘ಟೈರು ಕಿರುಚ್ತಾ ಇದ್ರೆ ಅದು ನಿನ್ನ ಬೈತಾ ಇದೆ ಅಂತ ತಿಳ್ಕೋ’ ಎಂದು ಅಪ್ಪ ಮೊದಲ ದಿನವೇ ಹೇಳಿದ್ದರು. ಬೈಸಿಕೊಳ್ಳದೆ ಓಡಿಸುವುದನ್ನು ಅವಳು ಕಲಿತಳು. ಚಿಕ್ಕವರ ವಿಭಾಗ ದಾಟಿ ಹದಿಹರೆಯದವರ ವಿಭಾಗಕ್ಕೆ ಬಂದಳು, ಅದನ್ನೂ ಗೆದ್ದಳು.

ಆಗ ಕರೆ ಬಂದದ್ದು ರೇಸಿನ ಮಂದಿಯೆಲ್ಲ ಮೇಡಂ ಎಂದೇ ಕರೆಯುವ ಒಬ್ಬರಿಂದ. ಅವರು ಒಂದು ಕಾಲದಲ್ಲಿ ಸ್ವತಃ ರೇಸಿಗೆ ಇಳಿದವರು. ಅಪಘಾತದಲ್ಲಿ ಮುರಿದ ಬಲ ಮಣಿಕಟ್ಟು ಈಗಲೂ ಪೂರ್ತಿ ಬಾಗುವುದಿಲ್ಲ. ಒಂಟಿ ಸೀಟಿನ ಕಾರುಗಳ ಅತಿ ಕೆಳಗಿನ ಸರಣಿಯಲ್ಲಿ ಅವರದೊಂದು ಸಣ್ಣ ತಂಡವಿದೆ. ಚಕ್ರಗಳು ಹೊರಗೆ ಚಾಚಿಕೊಂಡ, ಮುಂದೂ ಹಿಂದೂ ರೆಕ್ಕೆಯಿರುವ ಕಾರು. ಒಳಗೆ ಕೂತರೆ ಹೊರಗೆ ಕಾಣುವುದು ಹೆಲ್ಮೆಟ್ ಮಾತ್ರ.

ಮೊದಲ ದಿನದ ಓಟ ನೋಡುವಂತಿರಲಿಲ್ಲ. ಕಾರ್ಟಿನಲ್ಲಿ ಮೈಯನ್ನು ಅತ್ತಿತ್ತ ವಾಲಿಸಿ ಗಾಡಿ ತಿರುಗಿಸಿ ಅಭ್ಯಾಸ. ಇಲ್ಲಿ ಬೆಲ್ಟುಗಳು ಹೆಗಲು ಸೊಂಟ ಬಿಗಿದು ಅಲ್ಲಾಡಲು ಬಿಡುವುದಿಲ್ಲ. ಬ್ರೇಕಂತೂ ಕಲ್ಲು. ಎರಡು ಸಲ ಗಿರ್ರನೆ ತಿರುಗಿ ಹುಲ್ಲಿಗೆ ಹೋಗಿ ನಿಂತಳು. ಮೇಡಂ ರೇಡಿಯೋದಲ್ಲಿ ಕೇಳಿದರು: ‘ಬ್ರೇಕ್ ಒತ್ತುತಾ ಇದ್ದೀಯಾ, ಇಲ್ಲಾ ಬೆಕ್ಕಿನ ಬೆನ್ನು ಸವರ್ತಾ ಇದ್ದೀಯಾ?’

ಮನೆಗೆ ಬಂದವಳು ಅಂಗಡಿಯ ಹಿಂಗೋಡೆಗೆ ಲಾರಿಯ ಟೈರೊಂದನ್ನು ಒರಗಿಸಿ, ಎದುರಿಗೆ ಕುರ್ಚಿ ಹಾಕಿ, ಎಡಗಾಲಿನಿಂದ ಅದನ್ನು ಒತ್ತುತ್ತ ಕೂರತೊಡಗಿದಳು. ಗಿರಾಕಿಗಳು ವಿಚಿತ್ರವಾಗಿ ನೋಡುತ್ತಿದ್ದರು. ‘ಏನೂ ಇಲ್ಲ, ಗೋಡೆ ಬೀಳದ ಹಾಗೆ ಹಿಡ್ಕೊಂಡಿದ್ದಾಳೆ’ ಎನ್ನುತ್ತಿದ್ದರು ಟೈರಣ್ಣ.

ಮೊದಲ ವರ್ಷ ಕಲಿಯುವುದರಲ್ಲೇ ಕಳೆಯಿತು. ರಜಾ ದಿನಗಳಲ್ಲಿ ಟೈರಣ್ಣ ಅಂಗಡಿ ಮುಚ್ಚಿ ತಂಡದ ಟೈರು ನೋಡಿಕೊಳ್ಳಲು ಹೋಗತೊಡಗಿದರು. ಎರಡನೆಯ ವರ್ಷ ಇರುವೆ ಮೊದಲಿನಿಂದಲೇ ಮುಂದಿದ್ದಳು. ಕೊನೆಯ ರೇಸಿಗೆ ಬರುವಾಗ ಚಾಂಪಿಯನ್ ಪಟ್ಟಕ್ಕೆ ಉಳಿದದ್ದು ಅವಳು ಮತ್ತು ಒಬ್ಬ ಡಾಕ್ಟರ ಮಗ, ಇಬ್ಬರೇ. ಯಾರು ಮುಂದೆ ಮುಗಿಸುತ್ತಾರೋ ಪಟ್ಟ ಅವರಿಗೆ. ಚಾಂಪಿಯನ್ ಆದವರನ್ನು ಆಯೋಜಕರೇ ಮೇಲಿನ ಸರಣಿಯ ಕಾರಿನಲ್ಲಿ ಒಂದು ವರ್ಷ ಪುಕ್ಕಟೆ ಓಡಿಸುತ್ತಾರೆ. ಡಾಕ್ಟರ ಮಗನಿಗೆ ಬೇರೆ ದಾರಿಗಳಿದ್ದವು. ಇರುವೆಗೆ ಇದೊಂದೇ.

ಅವಳು ಅವನಿಗಿಂತ ಮುಂದೆ, ಎರಡನೆಯವಳಾಗಿ ಮುಗಿಸಿದಳು.

ರೇಸು ಮುಗಿದ ಮೇಲೆ ಕಾರುಗಳನ್ನು ಕಬ್ಬಿಣದ ಬೇಲಿ ಹಾಕಿದ ಒಂದು ಅಂಗಳಕ್ಕೆ ತರುತ್ತಾರೆ. ಅಲ್ಲಿ ತೂಕ, ಅಳತೆ, ತಪಾಸಣೆ. ಅದು ಮುಗಿಯುವ ತನಕ ಕಾರನ್ನು ಅಧಿಕಾರಿಗಳ ಹೊರತು ಯಾರೂ ಮುಟ್ಟಬಾರದು. ತಂಡಕ್ಕೊಬ್ಬರಂತೆ ಪಕ್ಕದಲ್ಲಿ ನಿಂತು, ಕೇಳಿದ್ದಕ್ಕೆ ಉತ್ತರ ಕೊಡಬಹುದು, ಅಷ್ಟೇ. ಮೇಡಂ ತಂಡದಿಂದ ನಿಲ್ಲುವವರು ಟೈರಣ್ಣ. ನಿಯಮ ಅವರಿಗೆ ಕಂಠಪಾಠ. ವರ್ಷವಿಡೀ ಕೈಕಟ್ಟಿಕೊಂಡು ನಿಂತಿದ್ದರು.

ಆ ದಿನ ಕಾರು ಬಂದು ಅವರ ಮುಂದೆಯೇ ನಿಂತಿತು. ಕಾದ ರೇಸ್ ಟೈರು ಅಂಟಂಟಾಗಿರುತ್ತದೆ, ಹಾದಿಯ ಹರಳನ್ನೆಲ್ಲ ಮೆತ್ತಿಕೊಂಡು ಬರುತ್ತದೆ. ಮುಂದಿನ ಎಡ ಟೈರಿನಲ್ಲಿ ಒಂದು ಕಲ್ಲು ಚುಚ್ಚಿಕೊಂಡಿತ್ತು. ಮಗಳು ಗೆದ್ದ ಸಂತೋಷದಲ್ಲಿ ಟೈರಣ್ಣ ಕುಕ್ಕರಗಾಲಲ್ಲಿ ಕೂತರು, ಬೀಗದ ಕೈ ತೆಗೆದರು, ಮೀಟಿ ಎಸೆದರು. ಕಲ್ಲು ಬೇಲಿಗೆ ತಾಗಿ ಟಣ್ ಎಂದಿತು. ಮುಖ್ಯ ತಪಾಸಕರು ತಿರುಗಿ ನೋಡಿದರು.

ವಿಚಾರಣೆ ನಡೆದದ್ದು ಮೇಲಿನ ಮಹಡಿಯ ಒಂದು ಕೋಣೆಯಲ್ಲಿ. ಉದ್ದ ಮೇಜು, ನೀರಿನ ಬಾಟಲಿಗಳು, ತಣ್ಣಗೆ ಕೊರೆಯುವ ಎ.ಸಿ. ಇರುವೆ ಇನ್ನೂ ರೇಸಿನ ಉಡುಪಿನಲ್ಲೇ ಇದ್ದಳು.

‘ಯಾಕೆ ಮುಟ್ಟಿದ್ರಿ?’ ತಪಾಸಕರು ಕೇಳಿದರು.

‘ಕಲ್ಲಿತ್ತು ಸಾರ್.’

‘ಇದ್ರೆ?’

ಟೈರಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಇದ್ರೆ ತೆಗೀಬೇಕಲ್ಲ ಸಾರ್?’

ಯಾರೂ ನಗಲಿಲ್ಲ. ತಪಾಸಕರು ಕಟುಕರಲ್ಲ. ಕಲ್ಲಿನಿಂದ ತೂಕದಲ್ಲಿ ವ್ಯತ್ಯಾಸವಾಗದು ಎಂದು ಅವರೇ ಹೇಳಿದರು. ಆದರೆ ಇವತ್ತು ಕಲ್ಲು ತೆಗೆದವರನ್ನು ಬಿಟ್ಟರೆ ನಾಳೆ ಇನ್ನೇನನ್ನೋ ತೆಗೆದವರನ್ನು ತಡೆಯುವುದು ಹೇಗೆ ಎಂದೂ ಹೇಳಿದರು. ಆ ರೇಸಿನ ಫಲಿತಾಂಶದಿಂದ ಇರುವೆಯನ್ನು ಕೈಬಿಟ್ಟರು. ಪಟ್ಟವೂ ಮೇಲಿನ ಕಾರೂ ಡಾಕ್ಟರ ಮಗನಿಗೆ ಹೋದವು. ಅವನು ಕೈಕುಲುಕಲು ಬಂದಾಗ ಇರುವೆ ಕುಲುಕಿದಳು. ಅಪ್ಪನೊಂದಿಗೆ ಮಾತ್ರ ಮಾತು ಬಿಟ್ಟಳು.

ಮನೆಯಲ್ಲಿ ಅಮ್ಮ ಎಲ್ಲ ಕೇಳಿಸಿಕೊಂಡು, ಗಂಡನ ಕಡೆ ತಿರುಗಿ, ‘ಕೆಂಪು ದೀಪ ಕಂಡ್ರೆ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತೆ ನಂಗೆ. ನಿಮ್ಮ ಕೈಗೆ ಅಂಥದ್ದೊಂದು ದೀಪ ಇಲ್ವೇನ್ರೀ?’ ಎಂದರು.

ಮೇಡಂ ಇರುವೆಯನ್ನು ಅದೇ ಸರಣಿಯಲ್ಲಿ ಇನ್ನೊಂದು ವರ್ಷ ಉಳಿಸಿಕೊಂಡರು, ಇನ್ನೊಂದೇ ವರ್ಷ ಎಂದೂ ಸ್ಪಷ್ಟಪಡಿಸಿದರು. ಟೈರಣ್ಣ ‘ನಾನಿನ್ನು ಬರಲ್ಲ, ಬೇರೆಯವ್ರನ್ನ ನೋಡ್ಕೊಳ್ಳಿ’ ಎಂದುಬಿಟ್ಟರು. ಬೇರೆಯವರು ಬಂದರು. ಕೆಲಸ ಕೆಟ್ಟದಾಗಿರಲಿಲ್ಲ. ಆದರೂ ಕೊನೆಯ ಸುತ್ತುಗಳಲ್ಲಿ ಇರುವೆಯ ಟೈರು ಉಳಿದವರ ಟೈರಿನಂತೆಯೇ ಸೋಲುತ್ತಿತ್ತು. ಮೂರು ರೇಸು ಹೀಗೇ ಹೋದ ಮೇಲೆ ಒಂದು ಬೆಳಿಗ್ಗೆ ಅವಳು ಅಂಗಡಿಗೆ ಬಂದಳು. ಟೈರಣ್ಣ ಯಾರದೋ ಚಕ್ರ ಬಿಚ್ಚುತ್ತಿದ್ದರು.

‘ಅಪ್ಪಾ, ಗಾಳಿ ಎಷ್ಟು ಹಾಕ್ಬೇಕು ಅಂತ ಅವ್ರಿಗೆ ಗೊತ್ತಾಗ್ತಿಲ್ಲ. ನೀನು ಬಾ.’

‘ನಾನು ಬಂದ್ರೆ ಮತ್ತೆ ಏನಾದ್ರೂ ಮಾಡ್ತೀನಿ ಕಣೆ.’

‘ಕಲ್ಲು ಕಾಣೋ ಕಣ್ಣು ಬೇಕು ನಂಗೆ. ಕೈ ಮಾತ್ರ ಮನೇಲಿ ಬಿಟ್ಟು ಬಾ.’

‘ಬಿಟ್ಟು ಬಂದ್ರೆ ಟೈರು ಹಾಕೋದು ಹ್ಯಾಗೆ?’

‘ಹಾಗಾದ್ರೆ ಆ ಕೈ ಕಾಯೋಕೆ ನಾನು ಬರ್ತೀನಿ’ ಎಂದರು ಅಮ್ಮ. ಬಸ್ಸಿಗೆ ಗಾಳಿ ಹಾಕಿಸಲು ಬಂದು ಹಿಂದೆಯೇ ನಿಂತಿದ್ದರು.

ಅಲ್ಲಿಂದ ಮುಂದೆ ಪ್ರತಿ ರೇಸಿಗೂ ಅಮ್ಮ ಹೋದರು. ರೇಸು ನೋಡುತ್ತಿರಲಿಲ್ಲ, ಟೆಂಟಿನ ನೆರಳಲ್ಲಿ ಬೆನ್ನು ತಿರುಗಿಸಿ ಕೂರುತ್ತಿದ್ದರು. ಕಾರುಗಳು ಅಂಗಳಕ್ಕೆ ಬರುವ ಮುನ್ನ ಎದ್ದು, ಗಂಡನ ಎಡಗೈಗೆ ಫ್ಲಾಸ್ಕು, ಬಲಗೈಗೆ ಕೊಡೆ, ಹೆಗಲಿಗೆ ತಮ್ಮ ವ್ಯಾನಿಟಿ ಬ್ಯಾಗು ತಗುಲಿಸಿ ಒಳಗೆ ಕಳಿಸುತ್ತಿದ್ದರು. ಟೈರಣ್ಣ ಬಟ್ಟೆ ನೇತುಹಾಕುವ ಗೂಟದಂತೆ ನಿಂತಿರುತ್ತಿದ್ದರು. ಬೇರೆ ತಂಡದವರು ‘ಅಣ್ಣ, ಬ್ಯಾಗು ಒಪ್ಪುತ್ತೆ’ ಎಂದು ರೇಗಿಸಿದರೆ, ‘ನಿಮಗೂ ಒಂದು ತರಿಸ್ಲಾ?’ ಎನ್ನುತ್ತಿದ್ದರು.

ಇರುವೆ ಆ ಮೂರು ರೇಸುಗಳಲ್ಲಿ ಕಳೆದುಕೊಂಡ ಅಂಕಗಳ ಕೊರತೆಯನ್ನು ಸ್ವಲ್ಪಸ್ವಲ್ಪವಾಗಿ ತುಂಬಿಕೊಂಡಳು. ಕೊನೆಯ ರೇಸಿನಲ್ಲಿ ಪಟ್ಟಕ್ಕೆ ನಾಲ್ಕನೆಯ ಸ್ಥಾನ ಸಾಕಿತ್ತು. ಬಹಳ ಹೊತ್ತು ಆರನೆಯವಳಾಗಿದ್ದು, ಕಡೆಯ ಸುತ್ತುಗಳಲ್ಲಿ ಟೈರು ಕಿರುಚುತ್ತಿದ್ದ ಮೂವರನ್ನು ದಾಟಿ ಮೂರನೆಯವಳಾಗಿ ಮುಗಿಸಿದಳು.

ಕಾರು ಅಂಗಳಕ್ಕೆ ಬಂತು. ಟೈರಣ್ಣನ ಕಣ್ಣು ನೇರವಾಗಿ ಮುಂದಿನ ಚಕ್ರಕ್ಕೆ ಹೋಯಿತು.

‘ಕಲ್ಲಿದೆ’ ಎಂದರು.

‘ಇರ್ಲಿ’ ಎಂದಳು ಮಗಳು ಹೆಲ್ಮೆಟ್ಟಿನ ಒಳಗಿಂದ.

‘ದೊಡ್ಡದು ಕಣೆ.’

‘ಇರ್ಲಿ ಅಪ್ಪಾ!’

ಟೈರಣ್ಣ ಕೊಡೆಯ ಹಿಡಿಯನ್ನು ಬಿಗಿಹಿಡಿದರು. ಅಧಿಕಾರಿಗಳು ಕಾರನ್ನು ತೂಕಕ್ಕೆ ತಳ್ಳಿದರು. ಇರುವೆಯೂ ತೂಗಿಸಿಕೊಂಡಳು. ರೆಕ್ಕೆಯ ಎತ್ತರ ಅಳೆದರು. ಹಿಂದಿನ ವರ್ಷದ ತಪಾಸಕರೇ ಇದ್ದರು. ಕೊನೆಯ ಅಳತೆಪಟ್ಟಿ ಮಡಚಿ, ‘ಎಲ್ಲ ಸರಿಯಿದೆ’ ಎಂದು ಸಹಿ ಹಾಕಿ, ಟೈರಣ್ಣನನ್ನು ನೋಡಿ, ‘ಮುಗೀತು. ಈಗ ಮುಟ್ಬಹುದು’ ಎಂದರು.

ಟೈರಣ್ಣ ಫ್ಲಾಸ್ಕು, ಕೊಡೆ ನೆಲಕ್ಕಿಟ್ಟರು. ಬ್ಯಾಗು ಇಳಿಸಹೋದಾಗ ಬೇಲಿಯಾಚೆಯಿಂದ ಅಮ್ಮ ಕೂಗಿದರು: ‘ರೀ, ಅದನ್ನ ನೆಲಕ್ಕೆ ಇಡ್ಬೇಡಿ, ಎಣ್ಣೆ ಆಗುತ್ತೆ!’ ಬ್ಯಾಗು ಹೆಗಲಲ್ಲೇ ಜೋತಾಡುತ್ತಿದ್ದಂತೆ ಅವರು ಕುಕ್ಕರಗಾಲಲ್ಲಿ ಕೂತು ಬೀಗದ ಕೈ ತೆಗೆದರು. ಕಲ್ಲು ಟಣ್ಣೆಂದು ಬೇಲಿಗೆ ಬಡಿಯಿತು.

‘ಹಿಂದಿನ ಚಕ್ರದಲ್ಲೂ ಒಂದಿದೆ ನೋಡಿ’ ಎಂದರು ಅಮ್ಮ.